ಎಣ್ಣೆ ಕಾರುವ ಶಾಕಪ್

ಬೈಕಿನ ಮುಂದಿನ ಶಾಕಪ್ ಸೋರಲು ತೊಡಗುವುದು ಸದ್ದಿಲ್ಲದೆ. ಚೈನು ಸಡಿಲಾದರೆ ಚಟಚಟ ಅನ್ನುತ್ತದೆ, ಬ್ರೇಕು ಸವೆದರೆ ಕಿರುಗುಡುತ್ತದೆ, ಸೈಲೆನ್ಸರ್ ಒಡೆದರೆ ಓಣಿಗೆಲ್ಲ ಗೊತ್ತಾಗುತ್ತದೆ. ಆಯಿಲ್ ಸೀಲ್ ಹೋದರೆ ಮಾತ್ರ ಹೊಳೆಯುವ ಉಕ್ಕಿನ ಕೊಳವೆಯ ಮೇಲೆ ಒಂದು ಕರಿ ಉಂಗುರ ಮೂಡುತ್ತದೆ, ಅಷ್ಟೆ. ಎಣ್ಣೆಯ ಪಸೆಗೆ ಧೂಳು ಮೆತ್ತಿಕೊಂಡು ಆದದ್ದು ಅದು. ಸದಾ ಮೇಲೆ ಕೂತಿರುವ ಮಾಲೀಕನಿಗೆ ಕಾಣುವುದಿಲ್ಲ. ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಅದನ್ನು ಮೊದಲು ಕಾಣುವವನು ಚಹಾದ ಗ್ಲಾಸು ಹಿಡಿದು ಸುಮ್ಮನೆ ನಿಂತ ಅಪರಿಚಿತ. ರೈಲಿಗೆ ಇನ್ನೂ ಹೊತ್ತಿದೆ, ಕಣ್ಣಿಗೆ ಬೇರೆ ಕೆಲಸವಿಲ್ಲ. ಸಾಲಾಗಿ ನಿಂತ ಬೈಕುಗಳನ್ನು ಒಂದೊಂದಾಗಿ ನೋಡುತ್ತ ಬಂದು, "ಅಣ್ಣಾರ, ಶಾಕಪ್ ಎಣ್ಣಿ ಕಾರ್ಲತ್ತದ ನೋಡ್ರಿ" ಅನ್ನುತ್ತಾನೆ. ಹೇಳಿ ಚಹಾ ಮುಗಿಸುತ್ತಾನೆ. ಅವನ ದಿನ ಸಾರ್ಥಕವಾಯಿತು, ಮಾಲೀಕನ ದಿನ ಕೆಟ್ಟಿತು.

ಅದಾದ ಮೇಲೆ ನಡೆಯುವುದು ಎಲ್ಲ ಕಡೆ ಒಂದೇ ಬಗೆ. ಸವಾರ ಇಳಿದು ಸ್ಟ್ಯಾಂಡ್ ಹಾಕುತ್ತಾನೆ, ಕುಕ್ಕರಗಾಲಲ್ಲಿ ಕೂತು ತೋರುಬೆರಳಿನಿಂದ ಉಂಗುರವನ್ನು ಒರೆಸುತ್ತಾನೆ, ಬೆರಳನ್ನು ಹೆಬ್ಬೆರಳಿಗೆ ತಿಕ್ಕಿ ನೋಡಿ ಮೂಗಿಗೆ ಹಿಡಿಯುತ್ತಾನೆ. ವಾಸನೆಯಿಂದ ಏನು ತಿಳಿಯಿತೆಂದು ಯಾರೂ ಕೇಳಬಾರದು. ಎಣ್ಣೆ ಕಂಡರೆ ಮೂಸುವುದು ಬೈಕಿನ ವಿಷಯ ಬಲ್ಲೆನೆಂದು ತೋರಿಸುವ ಪದ್ಧತಿ. ಈ ಪ್ರಬಂಧ ಬರೆಯುವವನೂ ಅದನ್ನು ಪಾಲಿಸಿಕೊಂಡು ಬಂದವನೇ. ಮೂಸಿದ ಬೆರಳನ್ನು ಟೈರಿಗೆ ಒರೆಸಿ ಸವಾರ "ಗ್ರೀಸ್ ಇರ್ಬೇಕ್ರಿ" ಎಂದು ತೀರ್ಪು ಕೊಡುತ್ತಾನೆ. ಚಹಾದ ಗ್ಲಾಸಿನವನು "ಇರ್ಬೇಕ್ ಬಿಡ್ರಿ" ಎಂದು ಒಪ್ಪುತ್ತಾನೆ. ಅದು ಗ್ರೀಸ್ ಅಲ್ಲವೆಂದು ಇಬ್ಬರಿಗೂ ಗೊತ್ತು. ಆದರೂ ಗ್ರೀಸೆಂಬ ಆ ಭರವಸೆಯ ಮೇಲೆ ಬೈಕು ಮತ್ತೊಂದು ತಿಂಗಳು ಓಡುತ್ತದೆ. ಈ ನಡುವೆ ಉಂಗುರ ಕೆಳಗಿಳಿದು ಗೆರೆಯಾಗಿರುತ್ತದೆ, ಗೆರೆ ಶಾಕಪ್ಪಿನ ಕಾಲಿನುದ್ದ ಹರಿದು ಚಕ್ರದ ನಡುವಿನವರೆಗೆ ಬಂದಿರುತ್ತದೆ.

ಶಾಕಪ್ಪಿನ ಒಳಗಿರುವುದು ದೊಡ್ಡ ಗುಟ್ಟೇನಲ್ಲ. ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ, ಒಳಗೊಂದು ಉದ್ದನೆಯ ಸ್ಪ್ರಿಂಗು, ಒಂದಿಷ್ಟು ಎಣ್ಣೆ. ತಗ್ಗು ಬಂದಾಗ ಸ್ಪ್ರಿಂಗು ಕುಗ್ಗಿ ಏಟನ್ನು ನುಂಗುತ್ತದೆ. ಕುಗ್ಗಿದ್ದು ಚಂಗನೆ ವಾಪಸು ಪುಟಿದರೆ ಸವಾರ ಸೀಟು ಬಿಟ್ಟು ಮೇಲೇಳಬೇಕಾಗುತ್ತದೆ. ಅದನ್ನು ತಡೆಯುವುದು ಎಣ್ಣೆ. ಸಣ್ಣ ಸಣ್ಣ ತೂತುಗಳಲ್ಲಿ ನುಸುಳಿ ಅತ್ತಿಂದಿತ್ತ ಹೋಗಬೇಕಾದ್ದರಿಂದ ಅದಕ್ಕೆ ಹೊತ್ತು ಹಿಡಿಯುತ್ತದೆ, ಆ ಹೊತ್ತಿನಲ್ಲಿ ಸ್ಪ್ರಿಂಗಿನ ಆವೇಶ ಇಳಿಯುತ್ತದೆ. ಹೀಗೆ ಎಣ್ಣೆಯಿಂದ ಹದಗೊಂಡ ಟೆಲಿಸ್ಕೋಪಿಕ್ ಫೋರ್ಕನ್ನು ಮಾರಾಟದ ಬೈಕುಗಳಿಗೆ ಮೊದಲು ಕೂಡಿಸಿದ್ದು ಜರ್ಮನಿಯ ಬಿಎಂಡಬ್ಲ್ಯು ಕಂಪನಿ, 1935ರಲ್ಲಿ. ಆಮೇಲೆ ಬಂದ ಬದಲಾವಣೆಗಳೆಲ್ಲ ಅದರ ಮೇಲಿನ ತಿದ್ದುಪಡಿಗಳೇ.

ಒಳಕೊಳವೆ ಮೇಲೆ ಕೆಳಗೆ ಸರಿಯುತ್ತಲೇ ಇರಬೇಕು, ಎಣ್ಣೆ ಮಾತ್ರ ಹೊರಗೆ ಬರಬಾರದು. ಈ ಕಾವಲಿಗೆ ಇರುವುದು ಆಯಿಲ್ ಸೀಲ್. ತಗಡಿನ ಬಳೆಯೊಂದರ ಸುತ್ತ ರಬ್ಬರ್ ಹೊದಿಸಿ ಮಾಡಿದ ಚಿಕ್ಕ ವಸ್ತು. ಒಳಗಿನ ಅಂಚು ತುಟಿಯಷ್ಟು ತೆಳ್ಳಗಿದ್ದು ಕೊಳವೆಯನ್ನು ಸುತ್ತಲೂ ಒತ್ತಿ ಹಿಡಿದಿರುತ್ತದೆ. ಆ ತುಟಿ ಸಡಿಲಾಗದಂತೆ ಅದರ ಬೆನ್ನಿಗೊಂದು ನವುರಾದ ಸುರುಳಿ ತಂತಿ, ಮಗುವಿನ ಸೊಂಟಕ್ಕೆ ಕಟ್ಟಿದ ಉಡಿದಾರದ ಹಾಗೆ. ಇದರ ಮೇಲೆ ಇನ್ನೊಂದು ರಬ್ಬರ್ ಟೋಪಿ: ಡಸ್ಟ್ ಸೀಲ್. ಹೊರಗಿನ ಧೂಳನ್ನು ಹೊರಗೇ ಇಡುವುದು ಅದರ ಪಾಲಿನ ಕೆಲಸ. ಕೊಳವೆಯ ಮೇಲಿರುವ ಹೊಳಪಿನ ಕ್ರೋಮ್ ಲೇಪ ತಲೆಗೂದಲಿಗಿಂತ ತೆಳು. ಕನ್ನಡಿಯಷ್ಟು ನಯವಾಗಿ ಅದು ಇರುವವರೆಗೆ ತುಟಿಗೆ ಅಪಾಯವಿಲ್ಲ.

ಹಳೆಯ ಕಾಲದ ಬೈಕುಗಳಲ್ಲಿ ಈ ಸಂಕಟ ಇರಲಿಲ್ಲವೆಂದು ಹಿರಿಯರು ಹೇಳುವುದುಂಟು. ಇತ್ತು, ಕಾಣುತ್ತಿರಲಿಲ್ಲ. ಬುಲೆಟ್ಟಿಗೂ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರ ನಂತರ ಹೊರಬಂದ ಜಾವಾಗಳಿಗೂ ಮುಂದಿನ ಕೊಳವೆಗಳನ್ನು ಪೂರ್ತಿ ಮುಚ್ಚುವ ತಗಡಿನ ಕವಚವಿತ್ತು. ಸೋರಿದ್ದೆಲ್ಲ ಕವಚದೊಳಗೇ ಇಳಿಯುತ್ತಿತ್ತು. ನಿಂತ ಜಾಗದಲ್ಲಿ ನಾಲ್ಕು ಹನಿ ಕಂಡರೆ ಅದು ಇಂಜಿನ್ನಿನದೆಂದು ಎಲ್ಲರೂ ಒಪ್ಪಿಕೊಳ್ಳುತ್ತಿದ್ದರು, ಏಕೆಂದರೆ ಇಂಜಿನ್ನೂ ಸೋರುತ್ತಿತ್ತು. ಕೊಳವೆಯನ್ನು ಬರಿಮೈಯಲ್ಲಿ ಬಿಟ್ಟು ಹೊಳೆಯಿಸುವ ಶೋಕಿ ಆಮೇಲೆ ಬಂತು. ಆ ಕವಚದ ತಗಡು ಕಲ್ಲಿನ ಚೂರಿನಿಂದ, ಕೆಸರಿನಿಂದ ಕೊಳವೆಯನ್ನು ಎಷ್ಟೋ ಕಾಪಾಡುತ್ತಿತ್ತು ಎಂಬುದು ಅದು ಹೋದ ಮೇಲೆ ತಿಳಿಯಿತು. ಕೆಲವು ಕಂಪನಿಗಳು ಈಗ ಮಡಿಕೆ ಮಡಿಕೆಯ ರಬ್ಬರ್ ತೋಳನ್ನು ಅದೇ ಜಾಗಕ್ಕೆ ಹಾಕಿ, ಹೊಸ ಸೌಲಭ್ಯವೆಂದು ಕರಪತ್ರದಲ್ಲಿ ಅಚ್ಚು ಹಾಕಿಸುತ್ತವೆ.

ಮಣ್ಣಿನ ದಾರಿಗೆಂದೇ ಮಾಡಿದ ಬೈಕು ಭಾರತದ ಸಾಮಾನ್ಯ ಅಂಗಡಿಗೆ ಬಂದದ್ದು ತಡವಾಗಿ. ಹೀರೋ ಕಂಪನಿಯ ಇಂಪಲ್ಸ್ 2011ರಲ್ಲಿ ಬಂದು ಹೆಚ್ಚು ಕೊಳ್ಳುವವರಿಲ್ಲದೆ ನಿಂತುಹೋಯಿತು. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬಂತು. ಅದರ ಮುಂದಿನ ಚಕ್ರ 200 ಮಿಲಿಮೀಟರ್ ಏರಿಳಿಯಬಲ್ಲದು. 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200ಕ್ಕೆ 37 ಮಿಲಿಮೀಟರ್ ದಪ್ಪದ ಕೊಳವೆ, 190 ಮಿಲಿಮೀಟರ್ ಏರಿಳಿತ. ಏರಿಳಿತ ಹೆಚ್ಚಿದಷ್ಟೂ ಕೊಳವೆಯ ಹೆಚ್ಚು ಭಾಗ ಹೊರಗಿರುತ್ತದೆ, ಹೊರಗಿದ್ದಷ್ಟೂ ಮಣ್ಣು ತಿನ್ನುತ್ತದೆ. ಡರ್ಟ್ ಬೈಕಿಗೆ ಸೀಲ್ ಸೋರುವುದು ಹುಟ್ಟಿನೊಂದಿಗೆ ಬಂದ ರೋಗ.

ಕಲಬುರಗಿಯ ತಮಾಷೆಯೆಂದರೆ, ಇಲ್ಲಿ ಡರ್ಟ್ ಬೈಕುಗಳು ಡಾಂಬರಿನ ಮೇಲೆ ಓಡುತ್ತವೆ, ಡಾಂಬರಿನ ಬೈಕುಗಳು ಮಣ್ಣಿನಲ್ಲಿ ಓಡುತ್ತವೆ. ಎಕ್ಸ್‌ಪಲ್ಸ್ ಕೊಂಡ ಕಾಲೇಜಿನ ಹುಡುಗ ಸಂಜೆ ಸೂಪರ್ ಮಾರ್ಕೆಟ್ಟಿನಿಂದ ಸ್ಟೇಶನ್‌ವರೆಗೆ ಹೋಗಿ ಬರುತ್ತಾನೆ. ಅವನ ಗುಬಟು ಟೈರಿಗೆ ಕೆಸರು ಮೆತ್ತಿದ್ದನ್ನು ಕಂಡವರು ಕಡಿಮೆ. ಇತ್ತ ಕಮಲಾಪುರದ ರೈತ ಸ್ಪ್ಲೆಂಡರ್ ಮೇಲೆ ಹಿಂದೊಂದು ಚೀಲ, ಮುಂದೆ ಟಾಕಿಯ ಮೇಲೊಂದು ಕ್ಯಾನು ಇಟ್ಟುಕೊಂಡು ಯಾವ ರ‍್ಯಾಲಿಯವನೂ ಹೆದರುವಂಥ ದಾರಿಯಲ್ಲಿ ದಿನಾ ಹೊಲಕ್ಕೆ ಹೋಗುತ್ತಾನೆ. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಮಲಾಪುರಕ್ಕೆ 35 ಕಿಲೋಮೀಟರಿನ ಆಸುಪಾಸು. ಆ ಊರಿನ ಹೆಸರು ಕೆಂಪು ಬಾಳೆಹಣ್ಣಿನಿಂದ ಎಲ್ಲರಿಗೂ ಗೊತ್ತು. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. 2017ರಲ್ಲಿ ಬೀದರ–ಕಲಬುರಗಿ ರೈಲು ಮಾರ್ಗ ಮುಗಿದ ಮೇಲೆ ರೈಲೂ ಬಂತು. ಆದರೆ ರೈಲಾಗಲಿ ಹೆದ್ದಾರಿಯಾಗಲಿ ಬಾಳೆಯ ತೋಟದೊಳಗೆ ಬರುವುದಿಲ್ಲ. ಹೆದ್ದಾರಿ ಬಿಟ್ಟು ಇಳಿದರೆ ಮೊದಲು ಮುರುಮಿನ ದಾರಿ, ಅದು ಮುಗಿದರೆ ಗಾಡಿದಾರಿ, ಆಮೇಲೆ ಬದು.

ಈ ಭಾಗದ ಕರಿ ಮಣ್ಣಿಗೆ ವರ್ಷಕ್ಕೆ ಎರಡು ಮುಖ. ಬೇಸಿಗೆಯಲ್ಲಿ, ಬಿಸಿಲು 42 ಡಿಗ್ರಿ ದಾಟಿದ ದಿನಗಳಲ್ಲಿ, ಅದು ಬಿರುಕು ಬಿಟ್ಟು, ತುಳಿದರೆ ಹಿಟ್ಟಾಗಿ ಏಳುತ್ತದೆ. ಮುಂದೆ ಟ್ರ್ಯಾಕ್ಟರ್ ಹೋಗುತ್ತಿದ್ದರೆ ಹಿಂದಿನ ಬೈಕಿನವನ ಹುಬ್ಬೂ ಬೆಳ್ಳಗಾಗುತ್ತದೆ. ಶಹಾಬಾದ, ವಾಡಿ, ಸೇಡಂ ಕಡೆ ಹೋದರೆ ಇದಕ್ಕೆ ಸುಣ್ಣದ ಕಲ್ಲಿನದೂ ಸಿಮೆಂಟಿನದೂ ಧೂಳು ಸೇರುತ್ತದೆ. ಮಳೆ ಬಿದ್ದಿತೋ ಅದೇ ಮಣ್ಣು ಅಂಟಾಗುತ್ತದೆ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಚಕ್ರವನ್ನೇ ತಿರುಗಗೊಡುವುದಿಲ್ಲ. ಹೊಲದ ದಾರಿಯಲ್ಲಿ ಒಬ್ಬಾತ ಬೈಕು ನಿಲ್ಲಿಸಿ ತೊಗರಿ ಕಟ್ಟಿಗೆ ಮುರಿದುಕೊಂಡು ಮಡ್‌ಗಾರ್ಡಿನ ಸಂದಿಯಿಂದ ಕೆಸರು ಕೆದರುತ್ತಿದ್ದರೆ, ಅದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಯಾವ ದಿನವಾದರೂ ಆಗಿರಬಹುದು. ಅವನು ಚಕ್ರ ತಿರುಗುವಷ್ಟು ಕೆದರಿ ಹೊರಡುತ್ತಾನೆ. ಕೊಳವೆಗೆ ಮೆತ್ತಿದ್ದು ಅಲ್ಲೇ ಉಳಿಯುತ್ತದೆ.

ಸೋರುವುದರ ಕಾರಣ ಬಹಳಷ್ಟು ಸಲ ಇಲ್ಲಿದೆ. ಕೊಳವೆಗೆ ಹತ್ತಿದ ಕೆಸರು ರಾತ್ರಿ ಒಣಗಿ ಗಟ್ಟಿಯಾಗುತ್ತದೆ. ಬೆಳಿಗ್ಗೆ ಸವಾರ ಹತ್ತಿ ಕೂತ ಕೂಡಲೇ ಶಾಕಪ್ ಕುಗ್ಗಿ, ಆ ಒಣ ಹೆಕ್ಕಳೆ ಡಸ್ಟ್ ಸೀಲಿನ ಬಾಯಿಗೆ ಹೋಗಿ ತುರುಕಿಕೊಳ್ಳುತ್ತದೆ. ಸಾಸಿವೆಯ ಹತ್ತನೇ ಒಂದು ಪಾಲಿನ ಗರಸು ತುಟಿಯ ಕೆಳಗೆ ಕೂತರೆ ಸಾಕು, ತುಟಿ ಅಷ್ಟಗಲ ಎದ್ದು ನಿಲ್ಲುತ್ತದೆ, ಎಣ್ಣೆಗೆ ದಾರಿಯಾಗುತ್ತದೆ. ರಬ್ಬರ್ ಹರಿದಿಲ್ಲ, ಏನೂ ಮುರಿದಿಲ್ಲ. ಆದರೂ ಸೋರುತ್ತದೆ. ಉಳಿದ ಕಾರಣಗಳು ಇದಕ್ಕಿಂತ ಕಡಿಮೆ: ಟ್ರ್ಯಾಕ್ಟರಿನ ಚಕ್ರ ಎಸೆದ ಕಲ್ಲು ಕೊಳವೆಯ ಮೇಲೆ ಮಾಡಿದ ಗಾಯ, ಕ್ರೋಮ್ ಎದ್ದು ಹತ್ತಿದ ತುಕ್ಕಿನ ಚುಕ್ಕೆ, ವರ್ಷಗಟ್ಟಲೆ ಬಿಸಿಲಿಗೆ ಗಟ್ಟಿಯಾದ ರಬ್ಬರ್, ಬಿದ್ದೆದ್ದು ಬಾಗಿದ ಕೊಳವೆ, ಸವೆದ ಬುಷ್. ಎಣ್ಣೆಯನ್ನು ಅಳತೆಗಿಂತ ಹೆಚ್ಚು ತುಂಬಿದರೂ ಸೋರುತ್ತದೆ. ಮೇಲೆ ಉಳಿದ ಗಾಳಿಗೆ ಜಾಗ ಕಡಿಮೆಯಾಗಿ, ಕುಗ್ಗಿದಾಗಲೆಲ್ಲ ಒತ್ತಡ ಸೀಲಿನ ಮೇಲೆ ಬೀಳುತ್ತದೆ.

ತೊಳೆಯುವುದರಿಂದಲೂ ಕೆಡುತ್ತದೆ ಎಂದರೆ ಶುಚಿಗಾರರಿಗೆ ಬೇಸರವಾದೀತು. ವಾಟರ್ ಸರ್ವಿಸಿಂಗಿನ ಹುಡುಗ ಪೈಪಿನ ಮೂತಿಯನ್ನು ನೇರ ಡಸ್ಟ್ ಸೀಲಿಗೆ ಹಿಡಿದರೆ ಆ ರಭಸದ ನೀರು ಹೊರಗಿದ್ದ ಗರಸನ್ನು ಒಳಕ್ಕೆ ಕಳಿಸಿ ಬರುತ್ತದೆ. ಬೈಕು ಫಳಫಳ ಹೊಳೆಯುತ್ತದೆ, ನಾಲ್ಕು ದಿನಕ್ಕೆ ಉಂಗುರ ಮೂಡುತ್ತದೆ, ಮಾಲೀಕ ಕಂಪನಿಯನ್ನು ಬೈಯುತ್ತಾನೆ. ಒಂದು ಚೊಂಬು ನೀರು ಮೆಲ್ಲಗೆ ಸುರಿದು ಬಟ್ಟೆಯಿಂದ ಒರೆಸುವುದು ಇದಕ್ಕಿಂತ ಎಷ್ಟೋ ವಾಸಿ. ಅಷ್ಟು ಅಗ್ಗದ ಉಪಾಯವನ್ನು ಯಾರೂ ನಂಬುವುದಿಲ್ಲ ಎಂಬುದಷ್ಟೇ ಅದರ ದೋಷ.

ಹಾಗಾಗಿ ಸೋರುವುದು ಕಂಡ ಕೂಡಲೇ ಬಿಚ್ಚಬೇಕಾಗಿಲ್ಲ. ಮೊದಲು ಮಾಡಬೇಕಾದ್ದು ಸೀಲಿನ ಸಂದಿಯನ್ನು ಶುಚಿ ಮಾಡುವುದು. ಇದಕ್ಕೆ ಬೈಕು ಲೋಕದಲ್ಲಿ ಎಲ್ಲೆಲ್ಲೂ ಹೆಸರಾದ ಸಾಧನ ಕ್ಯಾಮೆರಾದ ಹಳೆಯ ನೆಗೆಟಿವ್. 35 ಮಿಲಿಮೀಟರಿನ ಫಿಲ್ಮ್ ಚೂರು ತೆಳ್ಳಗಿದ್ದರೂ ಬಿಗಿಯಾಗಿ ನಿಲ್ಲುತ್ತದೆ, ರಬ್ಬರನ್ನು ಕೊಯ್ಯುವುದಿಲ್ಲ. ಒಂದು ಕಾಲದಲ್ಲಿ ಮನೆಮನೆಯ ಟ್ರಂಕಿನಲ್ಲೂ ಅದು ಇತ್ತು. ಮದುವೆಯ ಫೋಟೋ ಆಲ್ಬಮ್ಮಿನ ಹಿಂದೆ, ಸ್ಟುಡಿಯೋದ ಹೆಸರಿದ್ದ ಕಾಗದದ ಲಕೋಟೆಯಲ್ಲಿ, ನಾಲ್ಕು ನಾಲ್ಕು ಚಿತ್ರಗಳ ತುಂಡುಗಳು. ಬೆಳಕಿಗೆ ಹಿಡಿದರೆ ಕರಿ ಹಲ್ಲಿನ, ಬಿಳಿ ಕೂದಲಿನ ನೆಂಟರು. ಅಕ್ಷತೆಯ ಚಿತ್ರವಿದ್ದ ತುಂಡನ್ನು ಯಾರೂ ಕೊಡುವುದಿಲ್ಲ; ಊಟದ ಪಂಕ್ತಿಯ ಚಿತ್ರವಿದ್ದದ್ದು ಸಿಗಬಹುದು. ಪಂಕ್ತಿಯಲ್ಲಿ ಕೂತು ಹೋಳಿಗೆ ತಿನ್ನುತ್ತಿದ್ದ ಯಾರೋ ದೂರದ ಕಾಕಾ ಹೀಗೆ ಶಾಕಪ್ಪಿನ ಗರಸು ತೆಗೆಯುವ ಪುಣ್ಯಕಾರ್ಯಕ್ಕೆ ಒದಗಿದ್ದುಂಟು. ಈಗ ನೆಗೆಟಿವ್ ಸಿಗುವುದು ಕಷ್ಟ. ನೀರಿನ ಬಾಟಲಿಯ ಪಕ್ಕೆಯಿಂದ ಕತ್ತರಿಸಿದ ಪ್ಲಾಸ್ಟಿಕ್ ಪಟ್ಟಿಯೂ ನಡೆಯುತ್ತದೆ, ಅಂಚು ಚೂಪಾಗಿರಬಾರದು.

ಮಾಡುವ ಕ್ರಮ ಸರಳ. ಸಣ್ಣ ಸ್ಕ್ರೂಡ್ರೈವರಿನ ತುದಿಗೆ ಬಟ್ಟೆ ಸುತ್ತಿ, ಡಸ್ಟ್ ಸೀಲನ್ನು ಸುತ್ತಲೂ ಸ್ವಲ್ಪ ಸ್ವಲ್ಪ ಮೀಟಿ ಮೇಲೆ ಸರಿಸಬೇಕು. ಅದರಡಿ ಒಂದು ಚಿಟಿಕೆ ಹಸಿ ಮಣ್ಣು ಕಂಡೇ ಕಾಣುತ್ತದೆ. ಅದನ್ನು ಬನಿಯನ್ ಬಟ್ಟೆಯಿಂದ ಒರೆಸಬೇಕು. ಫಿಲ್ಮ್ ಪಟ್ಟಿಯ ಒಂದು ತುದಿಯನ್ನು ಕೊಕ್ಕೆಯ ಆಕಾರಕ್ಕೆ ಕತ್ತರಿಸಿ, ಕೊಳವೆಗೂ ಆಯಿಲ್ ಸೀಲಿನ ತುಟಿಗೂ ನಡುವೆ ಮೆಲ್ಲಗೆ ತೂರಿಸಿ, ಕೊಳವೆಯ ಸುತ್ತ ಒಂದು ಪ್ರದಕ್ಷಿಣೆ ತಂದು ಹೊರಗೆಳೆಯಬೇಕು. ಪಟ್ಟಿಯ ತುದಿಯಲ್ಲಿ ಕರಿ ಗೆರೆಯೊಂದು ಹತ್ತಿಕೊಂಡು ಬರುತ್ತದೆ. ಒರೆಸಿ ಮತ್ತೆ ಹಾಕಬೇಕು. ಪಟ್ಟಿ ಸ್ವಚ್ಛವಾಗಿ ಬರುವವರೆಗೆ ಮಾಡಿ, ಮುಂದಿನ ಬ್ರೇಕು ಹಿಡಿದು ಹ್ಯಾಂಡಲನ್ನು ಒಂದಿಷ್ಟು ಸಲ ಒತ್ತಿ, ಬಂದ ಎಣ್ಣೆ ಒರೆಸಿ, ಡಸ್ಟ್ ಸೀಲನ್ನು ಕೂರಿಸಿದರೆ ಆಯಿತು. ಒಂದೆರಡು ದಿನ ಓಡಿಸಿ ನೋಡಿದಾಗ ಕೊಳವೆ ಒಣಗಿದ್ದರೆ ಗ್ಯಾರೇಜಿನ ಖರ್ಚು ಉಳಿಯಿತು.

ಉಳಿಯದಿದ್ದರೆ ಕೊಳವೆಯ ಮೈಯನ್ನು ಪರೀಕ್ಷಿಸಬೇಕು. ಕಣ್ಣಿಗೆ ಕಾಣದ ಗಾಯ ಉಗುರಿಗೆ ಸಿಗುತ್ತದೆ. ಉಗುರಿಗೂ ಸಿಗದ್ದು ಹತ್ತಿಯ ಎಳೆಗೆ ಸಿಗುತ್ತದೆ. ಒಂದು ಚೂರು ಹತ್ತಿಯನ್ನು ಮೇಲಿಂದ ಕೆಳಗೆ ಸವರಿದರೆ ಕೊರಕಲಿದ್ದಲ್ಲಿ ಎಳೆ ಹಿಡಿದುಕೊಳ್ಳುತ್ತದೆ. ಸಣ್ಣ ಮೊನೆಯಿದ್ದರೆ ನಯವಾದ ಎಮರಿ ಕಾಗದಕ್ಕೆ ಎಣ್ಣೆ ಹಚ್ಚಿ ಅಷ್ಟೇ ಜಾಗವನ್ನು ತಿಕ್ಕಿ ಮಟ್ಟ ಮಾಡಬಹುದು. ಕ್ರೋಮ್ ಹೊಪ್ಪಳಿಕೆಯಾಗಿ ಎದ್ದಿದ್ದರೆ, ಅದೂ ಸೀಲ್ ಓಡಾಡುವ ಭಾಗದಲ್ಲೇ ಎದ್ದಿದ್ದರೆ, ಕೊಳವೆಗೆ ಮತ್ತೆ ಕ್ರೋಮ್ ಮಾಡಿಸಬೇಕು ಅಥವಾ ಬೇರೆಯದೇ ಹಾಕಬೇಕು. ಅಂಥ ಕೊಳವೆಗೆ ಹೊಸ ಸೀಲ್ ಹಾಕುವುದು ದುಡ್ಡಿನ ದಂಡ.

ಗ್ಯಾರೇಜಿಗೆ ಹೋಗುವುದು ನಿಶ್ಚಯವಾದ ಮೇಲೆ ಮಾತುಕತೆಯ ಭಾಗ ಬರುತ್ತದೆ. ಕಲಬುರಗಿಯ ಗ್ಯಾರೇಜುಗಳಲ್ಲಿ ಯಜಮಾನ ಉಸ್ತಾದ್, ಪಾನಾ ಎತ್ತಿಕೊಡುವ ಹುಡುಗ ಛೋಟು; ಮಾತು ಕನ್ನಡದಲ್ಲಿ ಶುರುವಾಗಿ ದಖನಿಯಲ್ಲಿ ಹಾದು ಕನ್ನಡದಲ್ಲಿ ಮುಗಿಯುತ್ತದೆ.

"ಉಸ್ತಾದ್, ಶಾಕಪ್ ಸೋರ್ಲತ್ತದ ನೋಡ್ರಿ."

"ಎಷ್ಟ್ ದಿನ ಆಯ್ತ್ರಿ?"

"ನಿನ್ನಿ ಮೊನ್ನಿ ಶುರು ಆಗ್ಯಾದ."

ಉಸ್ತಾದ್ ಬಗ್ಗಿ, ಉಗುರಿನಿಂದ ಒಂದು ಚೂರು ಕೆರೆದು ತೋರಿಸುತ್ತಾನೆ. "ಇದು ನಿನ್ನಿ ಮೊನ್ನಿದಲ್ರಿ. ಧೂಳ ಕೂತು ಕಲ್ಲ ಆಗ್ಯಾದ. ಎರಡೂ ಕಡಿ ಹಾಕಬೇಕು."

"ಸೋರೂದು ಒಂದೇ ಅದಲ್ರಿ?"

"ಇವತ್ತ ಇದು, ನಾಳಿ ಅದು. ಬಿಚ್ಚೋ ಮಜೂರಿ ಎರಡ್ ಸಲ ಕೊಡ್ತಿರೇನು?"

ಇದರಲ್ಲಿ ವ್ಯಾಪಾರದ ಮಾತೂ ಇದೆ, ನಿಜವೂ ಇದೆ. ಎರಡು ಕಾಲುಗಳೂ ಅದೇ ಧೂಳು ತಿಂದಿವೆ, ಅದೇ ವಯಸ್ಸಿನವು. ಒಂದರಲ್ಲಿ ಹೊಸ ಎಣ್ಣೆ, ಇನ್ನೊಂದರಲ್ಲಿ ಹಳೆಯದು ಇದ್ದರೆ ಎರಡೂ ಒಂದೇ ಹದದಲ್ಲಿ ಕೆಲಸ ಮಾಡುವುದಿಲ್ಲ. ಉಸ್ತಾದನ ಮಾತು ಕೇಳಬೇಕು.

ಬಿಡಿಭಾಗದ ಅಂಗಡಿಯಲ್ಲಿ ಸೀಲ್ ಕೇಳುವಾಗ ಬೈಕಿನ ಹೆಸರಿಗಿಂತ ಹಳೆಯ ಸೀಲಿನ ಮೈಮೇಲೆ ಅಚ್ಚಾದ ಅಂಕಿಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ. 37, 50, 11 ಎಂದಿದ್ದರೆ ಒಳ ಅಳತೆ 37, ಹೊರ ಅಳತೆ 50, ಎತ್ತರ 11 ಮಿಲಿಮೀಟರ್. ಕೌಂಟರಿನವನು "ಒರಿಜಿನಲ್ ಬೇಕೇನ್ರಿ, ನಾರ್ಮಲ್ ನಡೀತದೇನ್ರಿ?" ಎಂದು ಕೇಳುತ್ತಾನೆ. ನಕಲಿಗೆ ನಾರ್ಮಲ್ ಎಂಬ ಗೌರವದ ಹೆಸರು ಕೊಟ್ಟ ಜಾಣನಾರೋ. ಇಡೀ ಕೆಲಸದಲ್ಲಿ ಅತಿ ಅಗ್ಗದ ವಸ್ತು ಸೀಲೇ. ಮಜೂರಿ, ಎಣ್ಣೆ, ಒಂದು ದಿನದ ಹೊತ್ತು ಇವೆಲ್ಲ ಅದಕ್ಕಿಂತ ದುಬಾರಿ. ಉಳಿತಾಯಕ್ಕೆ ಇದು ಜಾಗವಲ್ಲ.

ಬಿಚ್ಚುವ ಕೆಲಸದಲ್ಲಿ ಮೊದಲ ಹೆಜ್ಜೆಯನ್ನು ಮರೆತರೆ ಕೊನೆಯವರೆಗೆ ತೊಂದರೆ. ಕೊಳವೆಯ ನೆತ್ತಿಯ ದೊಡ್ಡ ನಟ್ಟನ್ನು, ಕೊಳವೆ ಇನ್ನೂ ಬೈಕಿನಲ್ಲಿ ಬಿಗಿಯಾಗಿ ನಿಂತಿರುವಾಗಲೇ, ಒಂದು ಸುತ್ತು ಸಡಿಲಿಸಿಕೊಳ್ಳಬೇಕು. ಹೊರತೆಗೆದ ಮೇಲೆ ಕೊಳವೆಯನ್ನು ಕೈಯಲ್ಲಿ ಹಿಡಿದು ತಿರುಗಿಸಲು ಹೋದರೆ ಅದು ಜಾರುತ್ತದೆ. ವೈಸಿಗೆ ಕಚ್ಚಿಸಿದರೆ ಕ್ರೋಮ್ ಹಾಳು. ಇಂಜಿನ್ನಿನ ಕೆಳಗೆ ಕಲ್ಲೋ ಮರದ ತುಂಡೋ ಕೊಟ್ಟು ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಬ್ರೇಕು, ಚಕ್ರ, ಮಡ್‌ಗಾರ್ಡು ತೆಗೆಯಬೇಕು. ಈ ಭಾಗದಲ್ಲಿ ಕಲ್ಲಿಗೆ ಬರವಿಲ್ಲ. ಶಹಾಬಾದಿ ಪರಸಿ ಎರಡು ಚೂರು ಪ್ರತಿ ಗ್ಯಾರೇಜಿನ ಮೂಲೆಯಲ್ಲೂ ಬಿದ್ದಿರುತ್ತವೆ. ಆಮೇಲೆ ಹಿಡಿಕೆಯ ಬೋಲ್ಟು ಸಡಿಲಿಸಿದರೆ ಕಾಲು ಕೆಳಗಿಳಿದು ಕೈಗೆ ಬರುತ್ತದೆ. ನೆತ್ತಿಯ ನಟ್ಟು ಪೂರ್ತಿ ಬಿಚ್ಚುವಾಗ ಮುಖ ಮೇಲಿಡಬಾರದು. ಒಳಗಿನ ಸ್ಪ್ರಿಂಗು ಅದನ್ನು ಒತ್ತಿ ನಿಂತಿರುತ್ತದೆ.

ಕಾಲನ್ನು ತಲೆಕೆಳಗು ಮಾಡಿದಾಗ ಬರುವ ಎಣ್ಣೆ ನೋಡುವಂಥದ್ದು. ಹೊಸದಾಗಿ ಹಾಕಿದಾಗ ತಿಳಿಯಾಗಿದ್ದದ್ದು ಈಗ ಬೂದು ನೀರು. ಲೋಹದ ಸಣ್ಣ ಹುಡಿ ಬೆಳಕಿಗೆ ಮಿನುಗುತ್ತದೆ, ವಾಸನೆ ಕೊಳೆತ ಮೀನಿನ ಕಡೆಯದು. ಮೂಸುವ ಅಭ್ಯಾಸದವರು ಇಲ್ಲಿ ಸುಮ್ಮನಿದ್ದರೆ ಒಳ್ಳೆಯದು. ಸಣ್ಣ ಬೈಕುಗಳಲ್ಲಿ ಒಂದೊಂದು ಕಾಲಿಗೆ ಕಾಲು ಲೀಟರಿಗಿಂತ ಕಡಿಮೆಯೇ ಎಣ್ಣೆ. ಅಷ್ಟನ್ನು ಎಷ್ಟೋ ಬೈಕುಗಳಲ್ಲಿ ಕೊಂಡ ದಿನದಿಂದ ಯಾರೂ ಬದಲಿಸಿರುವುದಿಲ್ಲ. ಇಂಜಿನ್ ಎಣ್ಣೆಯನ್ನು ದಿನ ಎಣಿಸಿ ಬದಲಿಸುವ ಮನುಷ್ಯ ಶಾಕಪ್ಪಿನಲ್ಲಿ ಎಣ್ಣೆ ಇದೆಯೆಂಬುದನ್ನೇ ಅದು ಸೋರಿದ ದಿನ ತಿಳಿಯುತ್ತಾನೆ.

ಕೆಳಗಿನಿಂದ ಬಂದಿರುವ ಅಲೆನ್ ಬೋಲ್ಟು ಹಲವು ಸಲ ಬಿಚ್ಚದೆ ಸುಮ್ಮನೆ ಸುತ್ತುತ್ತದೆ. ಸ್ಪ್ರಿಂಗು ಒಳಗೇ ಇರುವಾಗ ಕಾಲನ್ನು ಅದುಮಿ ಹಿಡಿದು ಸಡಿಲಿಸಿದರೆ ಬರುತ್ತದೆ. ಇದನ್ನು ಬಲ್ಲ ಉಸ್ತಾದ್ ಎಣ್ಣೆ ಸುರಿಯುವ ಮೊದಲೇ ಮಾಡಿಕೊಳ್ಳುತ್ತಾನೆ. ಡಸ್ಟ್ ಸೀಲ್ ತೆಗೆದು, ಅದರ ಕೆಳಗಿನ ಲಾಕ್ ರಿಂಗನ್ನು ಕಿತ್ತ ಮೇಲೆ ಆಯಿಲ್ ಸೀಲ್ ಕಾಣುತ್ತದೆ. ಬುಷ್ ಇರುವ ಫೋರ್ಕಿನಲ್ಲಿ ಎರಡೂ ಕೊಳವೆಗಳನ್ನು ಹಿಡಿದು ಜಗ್ಗಿ ಜಗ್ಗಿ ಏಟು ಕೊಟ್ಟರೆ ಸೀಲ್ ತಾನೇ ಹೊರಬರುತ್ತದೆ. ಇಲ್ಲದಲ್ಲಿ ಮೀಟಿ ತೆಗೆಯಬೇಕು, ಮೀಟುವಾಗ ಅಲ್ಯೂಮಿನಿಯಂ ಬಾಯಿಗೆ ಗೀರು ಬೀಳದಂತೆ ನೋಡಬೇಕು. ಕೊಳವೆ ಬಾಗಿದೆಯೇ ಎಂದು ತಿಳಿಯಲು ಅದನ್ನು ಗಾಜಿನ ಮೇಲೋ ಸಮತಟ್ಟು ಪರಸಿಯ ಮೇಲೋ ಉರುಳಿಸಿದರೆ ಸಾಕು. ಬಾಗಿದ್ದು ಕುಣಿಯುತ್ತದೆ.

ಹೊಸ ಸೀಲ್ ಸಾಯುವುದು ಹೆಚ್ಚಾಗಿ ಹಾಕುವ ದಿನವೇ. ಕೊಳವೆಯ ತುದಿಯ ಅಂಚು ಚೂಪು. ಅದರ ಮೇಲೆ ಒಣ ಸೀಲನ್ನು ಒತ್ತಿದರೆ ತುಟಿ ಕೊಯ್ದುಹೋಗುತ್ತದೆ, ಕಣ್ಣಿಗೆ ಕಾಣುವುದೂ ಇಲ್ಲ. ಇದಕ್ಕೆ ಕೊಳವೆಯ ತಲೆಗೆ ಪ್ಲಾಸ್ಟಿಕ್ ಹೊದಿಸಿ, ಎಣ್ಣೆ ಸವರಿ, ಅದರ ಮೇಲಿಂದ ಸೀಲನ್ನು ಜಾರಿಸಬೇಕು. ತೊಳೆದು ಒಣಗಿಸಿದ ನಂದಿನಿ ಹಾಲಿನ ಪಾಕೀಟು ಇದಕ್ಕೆ ಹೇಳಿ ಮಾಡಿಸಿದ್ದು. ಅಂಕಿಗಳಿರುವ ಮುಖ ಮೇಲೆ, ಸುರುಳಿ ತಂತಿ ಕಾಣುವ ಮುಖ ಎಣ್ಣೆಯ ಕಡೆಗೆ. ಕೂರಿಸಲು ಕಂಪನಿಯವರ ಬಳಿ ಬೇರೆ ಸಾಧನವಿದೆ. ಗ್ಯಾರೇಜಿನಲ್ಲಿ ಸರಿಯಾದ ಅಳತೆಯ ಪಿವಿಸಿ ಪೈಪಿನ ತುಂಡು ಇರುತ್ತದೆ. ಹಳೆಯ ಸೀಲನ್ನು ಹೊಸದರ ಮೇಲಿಟ್ಟು ಪೈಪಿನಿಂದ ಸುತ್ತಲೂ ಸಮವಾಗಿ ಬಡಿದರೆ ಲಾಕ್ ರಿಂಗಿನ ಕಾಲುವೆ ಕಾಣುವಷ್ಟು ಕೆಳಗೆ ಹೋಗಿ ಕೂರುತ್ತದೆ. ಸ್ಕ್ರೂಡ್ರೈವರಿನಿಂದ ಒಂದೊಂದೇ ಬದಿ ಬಡಿಯುವವರನ್ನು ಕಂಡರೆ ಬೈಕು ತಳ್ಳಿಕೊಂಡಾದರೂ ಬೇರೆ ಕಡೆ ಹೋಗಬಹುದು.

ಎಣ್ಣೆಯ ವಿಷಯದಲ್ಲಿ ಊರಿನ ಗ್ಯಾರೇಜುಗಳು ಉದಾರಿಗಳು. ಫೋರ್ಕಿಗೆಂದೇ 10 ಡಬ್ಲ್ಯು ಮುಂತಾದ ತೆಳು ಎಣ್ಣೆ ಸಿಗುತ್ತದೆ. ಆದರೆ ಡಬ್ಬಿಯಲ್ಲಿ ಉಳಿದ ಇಂಜಿನ್ ಎಣ್ಣೆಯನ್ನೇ ಸುರಿಯುವ ರೂಢಿ ಹೋಗಿಲ್ಲ. ಮಂದ ಎಣ್ಣೆ ಹಾಕಿದರೆ ಶಾಕಪ್ ಗಟ್ಟಿಯಾಗುತ್ತದೆ, ಚಳಿಗಾಲದ ಬೆಳಿಗ್ಗೆ ಇನ್ನೂ ಗಟ್ಟಿ. ಮಣ್ಣಿನ ದಾರಿಯ ಸಾಲು ಸಾಲು ತಗ್ಗುಗಳಲ್ಲಿ ಅದು ಹಿಂದಿನ ಏಟಿನಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಮೋಟಾರ್‌ ಸೈಕಲ್ಲಿನ ಕೈಪಿಡಿಯಲ್ಲಿ ಹೇಳಿದ ಎಣ್ಣೆ, ಹೇಳಿದ ಅಳತೆ. ಎಣ್ಣೆ ಹಾಕಿ, ಒಳಕೊಳವೆಯನ್ನು ಮೆಲ್ಲಗೆ ಏರಿಳಿಸಿ ಗಾಳಿ ತೆಗೆದು, ಪೂರ್ತಿ ಕೆಳಗೊತ್ತಿ, ಸ್ಪ್ರಿಂಗು ಹಾಕುವ ಮೊದಲು ಬಾಯಿಂದ ಎಣ್ಣೆಯ ಮಟ್ಟದವರೆಗೆ ಸ್ಕೇಲು ಇಳಿಸಿ ನೋಡಬೇಕು. ಎರಡು ಕಾಲಿನಲ್ಲೂ ಒಂದೇ ಲೆಕ್ಕ ಬರಬೇಕು.

ಡಿಸ್ಕ್ ಬ್ರೇಕಿನ ಬೈಕಾದರೆ ಇನ್ನೊಂದು ಲೆಕ್ಕವಿದೆ. ಸೋರಿದ ಎಣ್ಣೆ ಕ್ಯಾಲಿಪರಿನ ಮೇಲೆ ಹರಿದಿದ್ದರೆ ಬ್ರೇಕ್ ಪ್ಯಾಡುಗಳು ಅದನ್ನು ಕುಡಿದಿರುತ್ತವೆ. ಡಿಸ್ಕನ್ನು ಒರೆಸಿ ಶುಚಿ ಮಾಡಬಹುದು, ಎಣ್ಣೆ ಕುಡಿದ ಪ್ಯಾಡನ್ನು ಬದಲಿಸಲೇಬೇಕು. ಗ್ರೀಸೆಂದು ತಿಂಗಳು ತಳ್ಳಿದ್ದರ ನಿಜವಾದ ಬೆಲೆ ಇಲ್ಲಿ ಬೀಳುತ್ತದೆ. ಚಕ್ರ ಕೂಡಿಸುವಾಗ ಆಕ್ಸಲ್ಲಿನ ಹಿಡಿಕೆ ಬೋಲ್ಟನ್ನು ಕೊನೆಗೆ, ಬೈಕನ್ನು ನೆಲಕ್ಕಿಳಿಸಿ ಮುಂಭಾಗವನ್ನು ಒಂದಿಷ್ಟು ಸಲ ಒತ್ತಿದ ಮೇಲೆ ಬಿಗಿಮಾಡಬೇಕು. ಇಲ್ಲದಿದ್ದರೆ ಎರಡು ಕಾಲು ಒಂದಕ್ಕೊಂದು ಸೆಣೆಸುತ್ತ ಹೊಸ ಸೀಲನ್ನೂ ಬೇಗ ಸವೆಸುತ್ತವೆ.

ರೇಸಿನವರು ಇದನ್ನೆಲ್ಲ ರೋಗವೆಂದು ಎಣಿಸುವುದಿಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಅರ್ಜೆಂಟೀನಾ, ಚಿಲಿ, ಬೊಲಿವಿಯಾಗಳ ಮರಳು ಕಲ್ಲುಗಳಲ್ಲಿ ಡಕಾರ್ ರ‍್ಯಾಲಿಯನ್ನು ಬೈಕಿನಲ್ಲಿ ಮುಗಿಸಿದ ಮೊದಲ ಭಾರತೀಯರು. ಟಿವಿಎಸ್ ತಂಡದ ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಅದನ್ನು ಮುಗಿಸಿದರು. ಆದರೂ ಕನ್ನಡ ನಾಡಿನ ಬಹುಪಾಲು ಮನೆಗಳಿಗೆ ಅವರು ಪರಿಚಯವಾದದ್ದು 2021ರ ಬಿಗ್ ಬಾಸ್ ಮೂಲಕ. ಅಂಥ ತಂಡಗಳಲ್ಲಿ ಮೆಕ್ಯಾನಿಕ್ಕುಗಳು ರಾತ್ರಿ ಬೈಕು ಬಿಚ್ಚಿ ಬೆಳಗಾಗುವಷ್ಟರಲ್ಲಿ ಕೂಡಿಸುತ್ತಾರೆ. ಸೀಲ್ ಅವರಿಗೆ ಸೋರುವ ಮೊದಲೇ ಬದಲಿಸುವ ಸರಕು. ಅವರ ಫೋರ್ಕು ತಲೆಕೆಳಗಾದದ್ದು, ದಪ್ಪ ಕೊಳವೆ ಮೇಲೆ, ತೆಳು ಕೊಳವೆ ಕೆಳಗೆ. ಈಗ ಊರಿನ ಡ್ಯೂಕ್ ಬೈಕುಗಳಲ್ಲೂ ಅದೇ ಬಗೆ. ಅಲ್ಲಿ ಸೀಲ್ ಕೆಸರಿಗೆ ಇನ್ನೂ ಹತ್ತಿರ, ಬಾಯಿ ಕೆಳಮುಖ. ಒಮ್ಮೆ ಸೋರತೊಡಗಿದರೆ ಮೇಲಿನ ಎಣ್ಣೆಯೆಲ್ಲ ಇಳಿದು ಬರುತ್ತದೆ.

ಸ್ಟೇಶನ್ ಬಜಾರದಲ್ಲಿ ಸೀಲಿಗೆ ಇನ್ನೊಂದು ಪರೀಕ್ಷೆ ಇದೆ, ರೈಲಿನ ಪಾರ್ಸೆಲ್. 1871ರಲ್ಲಿ ಮುಂಬೈ ಕಡೆಯ ಹಳಿ ಈ ಊರನ್ನು ಹಾದು ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು; ಕೆಲಸಕ್ಕೆ ಊರು ಬಿಡುವವರು ಅಂದಿನಿಂದ ಇಂದಿನವರೆಗೆ ಈ ಸ್ಟೇಶನ್ನಿಗೇ ಬರುತ್ತಾರೆ. ಬೆಂಗಳೂರಿಗೋ ಪುಣೆಗೋ ಹೊರಟ ಹುಡುಗ ಬೈಕನ್ನೂ ಕಳಿಸುತ್ತಾನೆ. ಪೆಟ್ರೋಲ್ ಖಾಲಿ ಮಾಡಿ, ಹುಲ್ಲು ಗೋಣಿಚೀಲ ಸುತ್ತಿ, ಹಗ್ಗದಿಂದ ಬಿಗಿದ ಬೈಕು ಪ್ಲಾಟ್‌ಫಾರ್ಮಿನಲ್ಲಿ ಮದುಮಗಳಂತೆ ಮುಸುಕು ಹಾಕಿ ನಿಂತಿರುತ್ತದೆ ಎಂದು ಹೇಳುವ ಆಸೆಯಾದರೂ, ಅದು ಹಾಗೇನೂ ಕಾಣುವುದಿಲ್ಲ. ಬರಿ ಮೂಟೆಯಾಗಿ ಕಾಣುತ್ತದೆ. ಹೀಗೆ ಕಳಿಸುವ ಬೈಕನ್ನು ಟೆಂಪೋದಲ್ಲಿ ಒಯ್ಯುವಾಗ ಹ್ಯಾಂಡಲಿಗೆ ಹಗ್ಗ ಹಾಕಿ ಶಾಕಪ್ಪನ್ನು ಪೂರ್ತಿ ಅದುಮಿ ಕಟ್ಟಿದರೆ ಸೀಲ್ ಹರಿಯುತ್ತದೆಂಬ ನಂಬಿಕೆ ಸವಾರರಲ್ಲಿದೆ. ಅದಕ್ಕೆಂದು ಕೆಲವರು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮರದ ತುಂಡು ಇಡುತ್ತಾರೆ. ಅದುಮಿದ್ದರಿಂದಲೇ ಹರಿಯುವುದಕ್ಕಿಂತ, ಮಣ್ಣು ಮೆತ್ತಿದ ಕೊಳವೆಯನ್ನು ಒರೆಸದೆ ಅದುಮಿದಾಗ ಗರಸು ಒಳಗೆ ಹೋಗುವುದೇ ಹೆಚ್ಚು.

ತಡೆಯುವ ಉಪಾಯಗಳಲ್ಲಿ ಮಡಿಕೆಯ ರಬ್ಬರ್ ತೋಳು ಒಳ್ಳೆಯದು. ಬಟ್ಟೆಯ ತೋಳನ್ನೂ, ಹಳೆಯ ಸೈಕಲ್ ಟ್ಯೂಬಿನ ತುಂಡನ್ನೂ ತೊಡಿಸುವವರಿದ್ದಾರೆ. ಆದರೆ ತೋಳಿನೊಳಗೆ ಹೊಕ್ಕ ಕೆಸರು ಅಲ್ಲೇ ಕೂತು ಮಸೆಯುತ್ತದೆ; ಆಗಾಗ ಕೆಳಗಿಳಿಸಿ ಒಳಗೆ ನೋಡುವ ಶಿಸ್ತು ಇದ್ದವರಿಗಷ್ಟೇ ಅದು ಲಾಭ. ಆ ಶಿಸ್ತಿಲ್ಲದವರು ಕೊಳವೆಯನ್ನು ಬರಿಮೈಯಲ್ಲೇ ಬಿಟ್ಟು, ಹೊಲದಿಂದ ಬಂದಾಗ ಕೆಸರು ಹಸಿಯಿರುವಾಗಲೇ ಒದ್ದೆ ಬಟ್ಟೆಯಿಂದ ಒಂದು ಸುತ್ತು ಒರೆಸುವುದು ಲೇಸು. ಸೀಟಿನ ಕೆಳಗೆ ಒಂದು ಬನಿಯನ್ ಚೂರಿಗೆ ಜಾಗ ಇದ್ದೇ ಇರುತ್ತದೆ.

ಹೊಸ ಸೀಲ್ ಹಾಕಿಸಿಕೊಂಡು ಮನೆಗೆ ಬಂದ ಮೊದಲ ಸಂಜೆ ಕೊಳವೆಯ ಮೇಲೆ ತೆಳ್ಳನೆಯ ಜಿಡ್ಡು ಕಂಡರೆ ಗಾಬರಿ ಬೇಡ. ಅದು ಹಾಕುವಾಗ ಸವರಿದ್ದು. ಒರೆಸಿ ಬಿಡಿ. ಎರಡನೆಯ ದಿನವೂ ಒರೆಸಿ. ಮೂರನೆಯ ದಿನವೂ ಉಂಗುರ ಮೂಡಿದರೆ ಸೀಲ್ ಕೂರಿಸುವಾಗಲೇ ಹರಿದಿರುವ ಸಂಭವವೇ ಹೆಚ್ಚು. ಬೈಕನ್ನು ಅದೇ ಗ್ಯಾರೇಜಿಗೆ ಒಯ್ದು, ಮಜೂರಿ ಕೊಡದೆ ಮತ್ತೆ ಹಾಕಿಸಿಕೊಳ್ಳಿ.